ಬಿಕಾಸ್ ಅನ್ರಿ ಸರ್

ಪುಣೆ, ನಾರಾಯಣ ಪೇಠೆ, ಎರಡನೇ ಮಹಡಿ.
ಕೆಳಗಿನ ಝೆರಾಕ್ಸ್ ಅಂಗಡಿಯ ಹಸಿರು ಬೆಳಕು
ಕಿಟಕಿಗೆ ಹೋಗಿ ಬರುತ್ತದೆ, ಹೋಗಿ ಬರುತ್ತದೆ.
ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದಿದ್ದಾಳೆ
ಮಹಾನಂದಾ ಬಿರಾಜದಾರ, ಅಕ್ಕಲಕೋಟೆ ಕಡೆಯವಳು;
ಚೀಲದಲ್ಲಿ ಶೇಂಗಾ ಚಟ್ನಿಯ ಘಾಟು,
ಬೆರಳಲ್ಲಿ ಸ್ಪಿರಿಟ್ಟಿನ ವಾಸನೆ.

ಟೇಬಲ್ಲಿನ ಮೇಲೆ ನನ್ನ ಫೋನು, ಅದರೊಳಗೆ ಸ್ಟಾಪ್‌ವಾಚು.
ಇವತ್ತಿನ ವಿಷಯ ಸೈಕಲ್ಲು.
ಎರಡು ನಿಮಿಷ ನಿಲ್ಲದೆ ಮಾತಾಡಬೇಕು ಇಂಗ್ಲಿಷಿನಲ್ಲಿ,
ಡಬ್ಲಿನ್ನಿನ ಆಸ್ಪತ್ರೆಯೊಂದು
ಬಾಗಿಲಾಚೆ ಕಿವಿಯಾನಿಸಿ ನಿಂತಿರುವಂತೆ.

ಐ ಲೈಕ್ ಸೈಕಲ್.
ಮುಂದೆ?
ಇಟ್ ಈಸ್ ಗುಡ್.
ಮುಂದೆ?
ಇಟ್ ಈಸ್ ಗುಡ್ ಫಾರ್ ಹೆಲ್ತ್, ಸರ್.
ಹನ್ನೊಂದು ಸೆಕೆಂಡು.

ಹೇಳುತ್ತ ಬಂದದ್ದನ್ನೇ ಹೇಳಿದೆ:
ಹೌದು, ಇಲ್ಲ, ಅಷ್ಟಕ್ಕೇ ನಿಲ್ಲಬೇಡಿ, ಬಿಕಾಸ್ ಹಚ್ಚಿ.
‘ಗುಡ್’ ಸವಕಲು ನಾಣ್ಯ, ಬದಲಿಸಿ.
ಇಕೋ ಫ್ರೆಂಡ್ಲಿ ಅನ್ನಿ, ಕಾರ್ಬನ್ ಫುಟ್‌ಪ್ರಿಂಟ್ ಅನ್ನಿ.
ಒಂದು ನೆನಪು ಸೇರಿಸಿ, ಸುಳ್ಳಾದರೂ ನಡೆಯುತ್ತದೆ,
ಪರೀಕ್ಷಕ ನಿಮ್ಮೂರಿಗೆ ಬಂದು ನೋಡುವುದಿಲ್ಲ.

ಬರೆದುಕೊಂಡಳು. ಕಾರ್ಬನ್ನಿನ ಕೆಳಗೆ ಎರಡು ಗೆರೆ.
ಮತ್ತೆ ಶುರು:
ಮೈ ಫಾದರ್ ಹ್ಯಾಸ್ ಅ ಸೈಕಲ್ ಶಾಪ್, ಅವರ್ಲಿ ರೆಂಟ್.
ಹ್ಯಾಡ್, ಎಂದೆ.
ಹ್ಯಾಸ್, ಎಂದಳು.
ಭೂತಕಾಲ, ಮಹಾನಂದಾ. ಬಾಡಿಗೆ ಸೈಕಲ್ಲೆಲ್ಲ
ಹೋಗಿ ಯಾವ ಕಾಲವಾಯಿತು.

ಪೆನ್ನಿನ ಟೊಪ್ಪಿ ಹಾಕಿದಳು.
ಇಂಗ್ಲಿಷಿಗೂ ಹಾಕಿದಳು.

“ಎಲ್ಲಿ ಹೋಗ್ಯಾವ ಸರ್? ಅದಾವಲ್ಲ.
ಇವತ್ತ ಮುಂಜಾನೆ ಸೈತ ಅಪ್ಪ ಬಾಗಲಾ ತಗದಾನ.
ಹದಿನಾಲ್ಕ ಸೈಕಲ್, ಮಡ್‌ಗಾರ್ಡ್ ಮ್ಯಾಲ ನಂಬರ.
ಏಳನೇದ್ದು ಬಲಕ್ಕ ಎಳೀತದ, ಗೊತ್ತಿದ್ದವ್ರು ಒಯ್ಯಂಗಿಲ್ಲ.
ಒಯ್ದವ್ರ ಹೆಸರ ಪಾಟಿ ಮ್ಯಾಲ ಬರೀತಾನ,
ವಾಪಸ್ ಬಂದ್ರ ಉಗುಳ ಹಚ್ಚಿ ಅಳಸ್ತಾನ.
ಒಂದ ಹೆಸರ ಇನ್ನೂ ಅಳಸಿಲ್ಲ, ಚನಬಸು, ನಂಬರ ಮೂರು.
ಒಯ್ದು ಎಂಟ ವರ್ಷ ಆತು.
ಬರ್ತಾನ ತಡಿ, ಅಂತಾನ ಅಪ್ಪ.
ಬಾಡಿಗಿ ಏರಾಕತ್ತದ ನೋಡ್ರಿ, ತಾಸಿಗೆ ಮೂರ ರೂಪಾಯಿ!
ನಾ ಕಲತದ್ದು ಹನ್ನೆರಡನೇದ್ರಾಗ,
ಸೀಟ ಎಟಕೂದಿಲ್ಲಂತ ತ್ರಿಕೋನದಾಗ ಒಳಗಾಲ ಹಾಕಿ.
ಬಿದ್ದದ್ದು ಇಲ್ಲಿ…”
ಬಿಳಿ ಪ್ಯಾಂಟಿನ ಮೇಲಿನಿಂದಲೇ ಮೊಣಕಾಲಿಗೆ ಬೆರಳಿಟ್ಟು
ತೋರಿಸಿದಳು, ನನಗೆ ಕಾಣದ ಕಲೆಯನ್ನು.

ಮೂರು ನಿಮಿಷ ಹನ್ನೆರಡು ಸೆಕೆಂಡು,
ಒಂದೂ ತೊದಲಿಲ್ಲದೆ.
ಯಾವ ಕಾಲಮ್ಮಿನಲ್ಲಿ ಅಂಕ ಬರೆಯಲಿ?
ನನ್ನ ಹಾಳೆಯ ಮೇಲಿನ ಹ್ಯಾಡ್ ಹೊಡೆದುಹಾಕಿದೆ.

ಈಗ ನೀವು ಕೇಳಿ, ನಾನು ಉತ್ತರಿಸುತ್ತೇನೆ, ಎಂದೆ,
ಮಾತು ಬದಲಿಸಲೆಂದು.
ಬೆನ್ನು ನೆಟ್ಟಗೆ ಮಾಡಿದಳು,
ರೋಗಿಯ ಬಾಯಿಗೆ ಥರ್ಮಾಮೀಟರ್ ಇಡುವವಳ ಹಾಗೆ:
ಕ್ಯಾನ್ ಯೂ ರೈಡ್ ಅ ಬೈಸಿಕಲ್?

ಲಕ್ಷ್ಮೀ ರಸ್ತೆಯ ಹಾರ್ನುಗಳು ಮೇಲೇರಿ ಬಂದವು.
ಮೂಲೆಯ ರ‍್ಯಾಕಿನಲ್ಲಿ ಇನ್ನೂರು ಮಾದರಿ ಉತ್ತರ,
ಎಲ್ಲ ನನ್ನದೇ ಕೈಬರಹ.
ಅವುಗಳಲ್ಲಿ ನಾನು ದಿನವೂ ಬೆಳಿಗ್ಗೆ
ಮುಠಾ ನದಿಯ ದಂಡೆಗುಂಟ
ತಂಗಾಳಿಗೆ ಮುಖವೊಡ್ಡಿ ತುಳಿಯುತ್ತ ಹೋಗಿದ್ದೇನೆ.

ನೋ, ಎಂದೆ.

ಕಾದಳು. ಆಮೇಲೆ ಮೆಲ್ಲಗೆ,
“ಒಂದ ಮಾತಿಗೆ ಮಾರ್ಕ್ಸ್ ಬೀಳಂಗಿಲ್ರಿ.
ಬಿಕಾಸ್ ಅನ್ರಿ ಸರ್.”

ಬಿಕಾಸ್, ಎಂದೆ.
ಬಿಕಾಸ್, ಮಾವನ ಉಡುಪಿ ಹೋಟೆಲು, ಡೆಕ್ಕನ್ನಿನಲ್ಲಿ.
ಏಳನೇ ವಯಸ್ಸಿಗೇ ನನ್ನನ್ನು ಗಲ್ಲಾಪೆಟ್ಟಿಗೆಯ ಹಿಂದೆ
ಎತ್ತಿ ಕೂರಿಸಿದರು. ಸ್ಟೂಲು ಎತ್ತರ.
ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.
ಎದುರಿನ ರಸ್ತೆ ತುಂಬ ಸೈಕಲ್ಲು, ಗಂಟೆಗಳು,
ಚಿಲ್ಲರೆ ಎಣಿಸುತ್ತ ನಾನು ಸುಮ್ಮನೆ
ಗಾಳಿಯಲ್ಲಿ ಕಾಲು…

ತುಳಿಯುವುದಕ್ಕೆ ಇಂಗ್ಲಿಷಿನಲ್ಲಿ ಏನೋ ಇತ್ತು,
ನಾನೇ ಕಲಿಸುವ ಪದ,
ಬರಲಿಲ್ಲ.

ಅವಳು ಫೋನನ್ನು ತನ್ನತ್ತ ತಿರುಗಿಸಿಕೊಂಡಳು.
“ಟೈಮ್ ಅದ ಸರ್,” ಎಂದಳು,
“ಇನ್ನೂ ಒಂದೂವರಿ ನಿಮಿಷ.”